ಶಾಂಪೂವಿಗೆ ಉಪ್ಪು ಬೇಕು, ಹದವಾಗಿ

‘ಉಪ್ಪಿಲ್ಲದ ಶಾಂಪೂ’ ಎಂದು ಬಾಟಲಿಯ ಮೇಲೆ ದಪ್ಪಕ್ಷರದಲ್ಲಿ ಕಂಡಾಗಲೆಲ್ಲ ಬೇಸರವಾಗುತ್ತದೆ. ಶಾಂಪೂ ಸೂತ್ರ ರೂಪಿಸುವುದೇ ನನ್ನ ವೃತ್ತಿ. ಸಾಮಾನ್ಯವಾಗಿ ಶೇ 1ರಿಂದ 2ರಷ್ಟು ಬೆರೆಸುವ ಅಡುಗೆ ಉಪ್ಪು ಕೂದಲಿಗೆ ಕೆಡುಕು ಎಂಬ ಭಯ ಹುಟ್ಟಿಸಿ ಸರಕು ಮಾರುವುದು ತಪ್ಪು.

ನೊರೆ ಕೊಡುವ ಸೋಡಿಯಂ ಲಾರೆತ್ ಸಲ್ಫೇಟ್ ಒಂದು ಸರ್ಫ್ಯಾಕ್ಟಂಟ್, ಅಂದರೆ ಜಿಡ್ಡನ್ನು ನೀರಿನೊಂದಿಗೆ ಬೆರೆಸುವ ವಸ್ತು. ಅದರ ಅಣುವಿನ ಬಾಲ ಎಣ್ಣೆಗೆ ಒಲಿಯುತ್ತದೆ. ಋಣ ಆವೇಶದ ತಲೆ ನೀರಿಗೆ ಒಲಿಯುತ್ತದೆ. ನೀರಿನಲ್ಲಿ ಈ ಅಣುಗಳು ಬಾಲವನ್ನು ಒಳಗಿಟ್ಟು ಪುಟ್ಟ ಗುಂಡುಗಳಾಗಿ ಕೂಡುತ್ತವೆ. ಇವೇ ಮೈಸೆಲ್‌ಗಳು. ಉಪ್ಪಿನ ಸೋಡಿಯಂ ಅಯಾನುಗಳು ತಲೆಗಳ ನಡುವಿನ ತಳ್ಳಾಟವನ್ನು ತಗ್ಗಿಸಿದಾಗ ಅವು ಒತ್ತೊತ್ತಾಗಿ ಕೂರುತ್ತವೆ, ಗುಂಡುಗಳು ಉದ್ದನೆಯ ಎಳೆಗಳಾಗಿ ಹೆಣೆದುಕೊಳ್ಳುತ್ತವೆ. ಉಪ್ಪುನೀರನ್ನು ಬೀಕರಿಗೆ ಸ್ವಲ್ಪಸ್ವಲ್ಪವೇ ಬಿಡುತ್ತಾ ಹೋದರೆ, ನೀರಿನಂತಿದ್ದ ದ್ರವ ಜೇನಿನಷ್ಟು ಮಂದವಾಗಿ ಕಲಕುವ ಕಡ್ಡಿಯನ್ನು ಹಿಡಿಯುತ್ತದೆ. ಇನ್ನೂ ಸುರಿದರೆ ಮತ್ತೆ ತೆಳ್ಳಗಾಗುತ್ತದೆ! ಆ ಶಿಖರ ಮುಟ್ಟುವ ಮೊದಲೇ ನಾವು ಕೈ ತಡೆಯುತ್ತೇವೆ.

ನನಗೆ ಇದಕ್ಕಿಂತ ಪ್ರಿಯವಾದದ್ದು ಕೂದಲ ಮೇಲೆ ನಡೆಯುವ ಕೆಲಸ. ಶಾಂಪೂವಿನ ಪಿಎಚ್ ಮಟ್ಟದಲ್ಲಿ ಕೂದಲ ಮೇಲ್ಮೈಯದೂ ಋಣ ಆವೇಶವೇ. ನುಣುಪು ಬರಬೇಕಾದರೆ ಧನ ಆವೇಶದ ಪಾಲಿಮರ್, ಅಂದರೆ ಎಳೆಯಂಥ ಉದ್ದನೆಯ ಅಣು, ಬೇಕು. ಗೋರಿಕಾಯಿ ಬೀಜದ ಅಂಟನ್ನು ರಾಸಾಯನಿಕವಾಗಿ ಮಾರ್ಪಡಿಸಿ ಅಂಥದ್ದನ್ನು ತಯಾರಿಸುತ್ತಾರೆ. ಬಾಟಲಿಯೊಳಗೆ ಸರ್ಫ್ಯಾಕ್ಟಂಟ್ ಹೇರಳವಾಗಿರುವುದರಿಂದ ಪಾಲಿಮರ್ ಎಳೆಯನ್ನು ಮೈಸೆಲ್‌ಗಳು ಮುತ್ತಿಕೊಂಡಿರುತ್ತವೆ, ಎಲ್ಲವೂ ಕರಗಿಯೇ ಇರುತ್ತದೆ. ತಲೆಗೆ ನೀರು ಸುರಿದಾಗ ಸರ್ಫ್ಯಾಕ್ಟಂಟ್ ತೆಳುವಾಗುತ್ತದೆ, ಋಣ ಮತ್ತು ಧನ ಆವೇಶಗಳು ಸರಿಸಮವಾಗುತ್ತವೆ, ಪಾಲಿಮರ್ ಮತ್ತು ಸರ್ಫ್ಯಾಕ್ಟಂಟ್ ಎರಡೂ ಸೇರಿ ಜೆಲ್‌ ಆಗಿ ನೀರಿನಿಂದ ಬೇರ್ಪಟ್ಟು ಕೂದಲಿಗೆ ಅಂಟುತ್ತವೆ. ಸಿಲಿಕೋನ್ ಹನಿಗಳಿದ್ದರೆ ಅವನ್ನೂ ಜೊತೆಗೆ ಕೂರಿಸುತ್ತವೆ. ಬ್ಲೀಚ್ ಮಾಡಿದ ಕೂದಲಲ್ಲಿ ಹೊರಗಿನ ಕೊಬ್ಬಿನ ಪದರ ಹೋಗಿ ಋಣ ಆವೇಶ ಹೆಚ್ಚಿರುತ್ತದೆ. ಹಾಗಾಗಿ ಪೆಟ್ಟು ತಿಂದ ಕಡೆಯೇ ಪಾಲಿಮರ್ ಹೆಚ್ಚು ಹಿಡಿಯುತ್ತದೆ. ಎಷ್ಟು ಸೊಗಸಾದ ಏರ್ಪಾಡು!

ಲೇಬಲ್‌ನಲ್ಲಿ ‘ಪಾಲಿಕ್ವಾಟರ್ನಿಯಂ-10’ (ಇದೂ ಧನ ಆವೇಶದ ಒಂದು ಪಾಲಿಮರ್) ಎಂದಿರುವ ಪಾರದರ್ಶಕ ಶಾಂಪೂ ಇದ್ದರೆ ಒಂದು ಚಮಚವನ್ನು ಗಾಜಿನ ಲೋಟಕ್ಕೆ ಹಾಕಿ, ನೀರು ಬೆರೆಸುತ್ತಾ ಹೋಗಿ. ತಿಳಿಯಾಗಿದ್ದದ್ದು ಮಬ್ಬಾದರೆ ನೀವು ನೋಡುತ್ತಿರುವುದು ಆ ಜೆಲ್ಲನ್ನೇ. ಇಲ್ಲೂ ಉಪ್ಪಿನ ಹದ ಮುಖ್ಯ. ಅತಿಯಾದರೆ ಪಾಲಿಮರ್ ಹಾಗೂ ಸರ್ಫ್ಯಾಕ್ಟಂಟ್ ನಡುವಿನ ಸೆಳೆತವೇ ಕುಂದಿ ಜೆಲ್ ಸರಿಯಾಗಿ ಕಟ್ಟುವುದಿಲ್ಲ.

‘ಊರಲ್ಲಿ ಚೆನ್ನಾಗಿದ್ದ ಶಾಂಪೂ ಬೆಂಗಳೂರಿನಲ್ಲಿ ಹಿಡಿಸುತ್ತಿಲ್ಲ’ ಎನ್ನುವವರಿಗೆ ನಾನು ಮೊದಲು ಕೇಳುವುದು ಮನೆಗೆ ಬರುವುದು ಕೊಳವೆಬಾವಿ ನೀರೇ ಎಂದು. ಗಡಸು ನೀರಿನ ಕ್ಯಾಲ್ಸಿಯಂನದು ಎರಡು ಪಟ್ಟು ಆವೇಶ. ಅದು ಸೋಡಿಯಂಗಿಂತ ಬಿಗಿಯಾಗಿ ಕೂದಲಿಗೆ ಅಂಟಿ ಪಾಲಿಮರ್‌ ಕೂರಬೇಕಾದ ಜಾಗಕ್ಕೆ ಪೈಪೋಟಿ ಒಡ್ಡುತ್ತದೆ. ಕ್ಯಾಲ್ಸಿಯಂ ಹಿಡಿದಿಡಲು ಸೂತ್ರದಲ್ಲಿ ಇಡಿಟಿಎ ಸೇರಿಸುತ್ತೇವೆ, ಆದರೆ ಬಕೆಟ್‌ಗಟ್ಟಲೆ ನೀರಿಗೆ ಅದು ಸಾಲದು. ಅಂಥ ಮನೆಗಳಲ್ಲಿ ಕೊನೆಯ ಎರಡು ಚೊಂಬು ಮಾತ್ರ ಕಾವೇರಿ ನೀರನ್ನೋ ಮಳೆನೀರನ್ನೋ ಸುರಿದುಕೊಳ್ಳುವುದು, ಉಪ್ಪಿಲ್ಲದ ಬಾಟಲಿಗೆ ಹೆಚ್ಚು ಹಣ ಕೊಡುವುದಕ್ಕಿಂತ ಮೇಲು.