ಮದ್ದಿನ ಡ್ರಮ್ಮಿಗೆ ಬಿದ್ದ ನೀರು

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಬಿಡುವ ಶೇಕಡಾ 1ರ ಬೋರ್ಡೋ ದ್ರಾವಣವೆಂದರೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಮತ್ತು 100 ಲೀಟರ್ ನೀರು. (ಒಂದು ಲೀಟರ್ ನೀರು ಸುಮಾರು ಒಂದು ಕಿಲೋ ತೂಗುವುದರಿಂದಲೇ ಕಿಲೋ, ಲೀಟರುಗಳ ನಡುವೆಯೂ ಇಲ್ಲಿ ಶೇಕಡಾ ಲೆಕ್ಕ ಸಲ್ಲುತ್ತದೆ.) ಈ ಡ್ರಮ್ಮಿಗೆ ಕೈತಪ್ಪಿ ಇನ್ನೂ 25 ಲೀಟರ್ ನೀರು ಬಿದ್ದರೆ ಮೈಲುತುತ್ತಿನ ಸಾಂದ್ರತೆ ಶೇಕಡಾ ಎಷ್ಟು ಇಳಿಯುತ್ತದೆ? ನೀರು ಶೇಕಡಾ 25 ಹೆಚ್ಚಿದೆ, ಆದ್ದರಿಂದ ಸಾಂದ್ರತೆಯೂ ಶೇಕಡಾ 25 ಇಳಿದಿರಬೇಕು ಎಂಬ ಉತ್ತರ ಥಟ್ಟನೆ ಬಾಯಿಗೆ ಬರುತ್ತದೆ, ಅದು ತಪ್ಪು.

ಅದೇ 1 ಕಿಲೋ ತುತ್ತು ಈಗ 125 ಲೀಟರಿನಲ್ಲಿ ಹಂಚಿಹೋಗಿದೆ. 1ನ್ನು 125ರಿಂದ ಭಾಗಿಸಿದರೆ ಸಾಂದ್ರತೆ ಶೇಕಡಾ 0.8 ಆಗುತ್ತದೆ, ಅಂದರೆ ಮೊದಲಿನ ಸಾಂದ್ರತೆಯ ಐದನೆಯ ಒಂದು ಭಾಗ, ಶೇಕಡಾ 20ರಷ್ಟು ಮಾತ್ರ ಕಡಿಮೆಯಾಗಿದೆ. ನೀರು ಮೊದಲಿನ 5/4ರಷ್ಟಾದಾಗ ಸಾಂದ್ರತೆ ಮೊದಲಿನ 4/5ರಷ್ಟಾಗುವುದು, ಅಂದರೆ ಭಿನ್ನರಾಶಿ ತಲೆಕೆಳಗಾಗುವುದು, ವಿಲೋಮ ಅನುಪಾತದ ಗುಣ.

ತಪ್ಪಿನ ಬೇರು ಗುಣಿಸಬೇಕಾದಲ್ಲಿ ಕೂಡುವ ಅಭ್ಯಾಸದಲ್ಲಿದೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಕಾರ್ಪ್ಲಸ್ 1970ರ ಸುಮಾರಿಗೆ ಮಕ್ಕಳ ಮುಂದಿಟ್ಟ ಒಗಟು ಇದನ್ನು ಚೆನ್ನಾಗಿ ತೋರಿಸುತ್ತದೆ. ಅಂಗಿಯ ಗುಂಡಿಗಳಿಂದ ಅಳೆದರೆ ಒಬ್ಬ ಕುಳ್ಳನ ಎತ್ತರ 4, ಇನ್ನೊಬ್ಬ ಉದ್ದನೆಯವನದು 6. ಕಾಗದದ ಕ್ಲಿಪ್ಪುಗಳಿಂದ ಅಳೆದರೆ ಕುಳ್ಳ 6, ಹಾಗಾದರೆ ಉದ್ದನೆಯವನು ಎಷ್ಟು? ಎರಡು ಹೆಚ್ಚೆಂದು ಕೂಡಿ 8 ಎಂದವರು ವ್ಯತ್ಯಾಸವನ್ನು ಹಿಡಿದುಕೊಂಡಿರುತ್ತಾರೆ. ಒಂದೂವರೆ ಪಟ್ಟು ಎಂದು 9 ಹೇಳಿದವರು ಅನುಪಾತವನ್ನು ಕಂಡಿರುತ್ತಾರೆ.

ಆರ್ಯಭಟನು 499ರಲ್ಲೇ ತ್ರೈರಾಶಿಕದ, ಅಂದರೆ ಗೊತ್ತಿರುವ ಮೂರು ಸಂಖ್ಯೆಗಳಿಂದ ನಾಲ್ಕನೆಯದನ್ನು ಕಂಡುಹಿಡಿಯುವ ಲೆಕ್ಕದ, ಸೂತ್ರ ಕೊಟ್ಟಿದ್ದಾನೆ: ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಬೇಕು. 100 ಲೀಟರ್ ಪ್ರಮಾಣ, 1 ಕಿಲೋ ಫಲ, 160 ಲೀಟರ್ ಇಚ್ಛೆ ಎಂದರೆ 1.6 ಕಿಲೋ ತುತ್ತು ಬೇಕು. ಸೂತ್ರ ಸರಳವೇ, ಆದರೆ ನೀರು ಹೆಚ್ಚಾದಂತೆ ಸಾಂದ್ರತೆ ಇಳಿಯುವ ನಮ್ಮ ಡ್ರಮ್ಮಿನ ಪ್ರಶ್ನೆಗೆ ಇದನ್ನು ಹಾಗೆಯೇ ಹಚ್ಚಿದರೆ ಸಾಂದ್ರತೆ ಏರಿದಂತೆ ಉತ್ತರ ಬರುತ್ತದೆ. ಅಲ್ಲಿ ಬೇಕಾದದ್ದು ವ್ಯಸ್ತ ತ್ರೈರಾಶಿಕ, ಅಂದರೆ ಒಂದು ಏರಿದಂತೆ ಇನ್ನೊಂದು ಇಳಿಯುವಲ್ಲಿ ಹಚ್ಚುವ ತಲೆಕೆಳಗಾದ ತ್ರೈರಾಶಿಕ. ಅಡ್ಡ ಗುಣಾಕಾರವನ್ನು ಮಾತ್ರ ಕಂಠಪಾಠ ಮಾಡಿಸುವ ಪಾಠದಲ್ಲಿ ಈ ವಿವೇಚನೆ ಬೆಳೆಯುವುದಿಲ್ಲವೆಂಬುದು ನನ್ನ ಅನಿಸಿಕೆ.

ಶೇಕಡಾವಾರು ಬದಲಾವಣೆಯ ಪಾಠದಲ್ಲಿ ‘ಶೇಕಡಾ’ ಎಂದು ಬಂದಲ್ಲೆಲ್ಲ ‘ಯಾವುದರ’ ಎಂದು ಮಕ್ಕಳೇ ಕೇಳಿಕೊಳ್ಳುವಂತಾಗಬೇಕು. ಕಿಲೋಗೆ 400 ರೂಪಾಯಿಯಿದ್ದ ಅಡಿಕೆ ಶೇಕಡಾ 25 ಕುಸಿದು 300ಕ್ಕೆ ಬಂತೆನ್ನಿ. ಮುಂದೆ ಅದೇ ಶೇಕಡಾ 25 ಏರಿತೆಂಬ ಸುದ್ದಿ ಕೇಳಿ ಕೃಷಿಕ ಹಿಂದಿನ ಧಾರಣೆ ಮರಳಿತೆಂದು ಮಾರುಕಟ್ಟೆಗೆ ಹೋದರೆ ಕೈಗೆ ಸಿಗುವುದು 375 ರೂಪಾಯಿ, ಏಕೆಂದರೆ ಏರಿದ್ದು 300ರ ಮೇಲೆ. 400 ಮುಟ್ಟಲು ಶೇಕಡಾ ಮೂವತ್ತಮೂರು ಮತ್ತು ಮೂರನೆಯ ಒಂದು ಭಾಗದಷ್ಟು ಏರಬೇಕಿತ್ತು.