ಎರಡನೆಯ ಕಂತಿನ ಕೊನೆಯಲ್ಲಿ

ನನ್ನ ಕಪಾಟಿನಲ್ಲಿ ಒಂದು ಅಮೆರಿಕನ್ ಧಾರಾವಾಹಿಯ ಪೂರ್ತಿ ಪೆಟ್ಟಿಗೆ ಇದೆ. ಐದು ಸೀಸನ್, ಮೂವತ್ತು ಡಿವಿಡಿ, ಹೆಚ್ಚಿನವುಗಳಲ್ಲಿ ನಾಲ್ಕು ನಾಲ್ಕು ಕಂತು. ಹದಿನೇಳು ವರ್ಷಗಳ ಹಿಂದೆ ತಿಂಗಳುಗಟ್ಟಲೆ ಹಣ ಕೂಡಿಟ್ಟು ಕೊಂಡದ್ದು. ಹೋದ ಮಳೆಗಾಲದಲ್ಲಿ ಮೊದಲ ಕಂತಿನಿಂದ ಮತ್ತೆ ನೋಡೋಣವೆಂದು ಕುಳಿತೆ. ಒಂಬತ್ತನೆಯ ಡಿಸ್ಕಿನಲ್ಲಿ ಎರಡನೆಯ ಕಂತು ಇನ್ನೇನು ಮುಗಿಯಬೇಕು, ಮಾತನಾಡುತ್ತಿದ್ದವಳ ಮುಖ ಚೌಕ ಚೌಕವಾಗಿ ಒಡೆಯಿತು, ಮಾತು ತೊದಲಿತು, ಚಿತ್ರ ನಿಂತೇ ಹೋಯಿತು. ಮೂರನೆಯ ಕಂತಿನ ಮೊದಲ ಕೆಲವು ನಿಮಿಷಗಳೂ ಬರಲಿಲ್ಲ. ವಿಚಿತ್ರವೆಂದರೆ ಆಮೇಲಿನದೆಲ್ಲ, ನಾಲ್ಕನೆಯ ಕಂತಿನ ಕೊನೆಯ ಹೆಸರುಪಟ್ಟಿಯವರೆಗೂ, ಒಂದು ಕಲೆಯೂ ಇಲ್ಲದೆ ಓಡಿತು. ಹನ್ನೊಂದನೆಯ ಡಿಸ್ಕಿನಲ್ಲೂ ಇದೇ ಕತೆ, ಇದೇ ಜಾಗ.

ಡಿಸ್ಕನ್ನು ದೀಪಕ್ಕೆ ಓರೆಯಾಗಿ ಹಿಡಿದು ನೋಡಿದೆ. ಗೀರಿಲ್ಲ, ಬೆರಳಚ್ಚಿಲ್ಲ. ಆದರೆ ಹೊರ ಅಂಚಿನ ಸುತ್ತ ಅಕ್ಕಿಕಾಳಿನ ಅಗಲದ ಒಂದು ಉಂಗುರ, ತಿಳಿ ಚಹಾದ ಬಣ್ಣದ್ದು. ಕೇಡು ಅಲ್ಲಿದೆ ಎಂಬುದು ಖಚಿತವಾಯಿತು, ಆದರೆ ಗೊಂದಲ ಹೆಚ್ಚಾಯಿತು. ಗ್ರಾಮಫೋನ್ ತಟ್ಟೆಯಲ್ಲಿ ಮುಳ್ಳು ಹೊರಗಿನಿಂದ ಒಳಕ್ಕೆ ಸಾಗುತ್ತದೆ. ಡಿವಿಡಿಯಲ್ಲಿ ಓದು ಶುರುವಾಗುವುದು ನಡುವಿನ ರಂಧ್ರದ ಬಳಿ, ಸಾಗುವುದು ಹೊರಕ್ಕೆ. ಅಂಚು ಕೆಟ್ಟರೆ ಕೆಡಬೇಕಾದದ್ದು ಕೊನೆಯ ಕಂತು. ನಡುವಿನ ಎರಡು ಕಂತುಗಳ ಸಂದಿಗೆ ಏಟು ಬಿದ್ದದ್ದು ಹೇಗೆ?

ಉತ್ತರ ಡಿಸ್ಕಿನ ಒಡಲಲ್ಲಿದೆ. ನೋಡಲು ಒಂದೇ ತಟ್ಟೆಯಾದರೂ ಡಿವಿಡಿ ಎಂಬುದು 0.6 ಮಿಲಿಮೀಟರ್ ದಪ್ಪದ ಎರಡು ಪಾಲಿಕಾರ್ಬೊನೇಟ್ ತಟ್ಟೆಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ ಮಾಡಿದ್ದು. ಚಿತ್ರ, ಧ್ವನಿ ಎಲ್ಲವೂ ಆ ಪ್ಲಾಸ್ಟಿಕ್ಕಿನಲ್ಲಿ ಒತ್ತಿದ ಕುಳಿಗಳ ಸಾಲಾಗಿ ಇರುತ್ತವೆ. ಅತಿ ಚಿಕ್ಕ ಕುಳಿಯ ಉದ್ದ ಅರ್ಧ ಮೈಕ್ರೋಮೀಟರ್‌ಗೂ ಕಡಿಮೆ. ಸಾಲಿನಿಂದ ಸಾಲಿಗೆ ಇರುವ ಅಂತರ 0.74 ಮೈಕ್ರೋಮೀಟರ್, ಅಂದರೆ ಒಂದು ಕೂದಲೆಳೆಯ ಅಗಲದಲ್ಲಿ ಸುಮಾರು ನೂರು ಸಾಲು. ಈ ಸಾಲುಗಳೆಲ್ಲ ಬೇರೆಬೇರೆಯಲ್ಲ, ಒಂದೇ ಸುರುಳಿಯ ಸುತ್ತುಗಳು. ಬಿಚ್ಚಿ ಎಳೆದರೆ ಹನ್ನೆರಡು ಕಿಲೋಮೀಟರಿನಷ್ಟು ಉದ್ದ. ಕುಳಿಗಳ ಮೇಲೆ ತೆಳುವಾಗಿ ಲೋಹ ಹರಡಿರುತ್ತದೆ. 650 ನ್ಯಾನೋಮೀಟರ್ ತರಂಗದೂರದ ಕೆಂಪು ಲೇಸರ್ ಆ ಲೋಹಕ್ಕೆ ತಾಗಿ ಮರಳುತ್ತದೆ. ಕುಳಿ ಬಂದಾಗ ಮರಳುವ ಬೆಳಕು ಕುಗ್ಗುತ್ತದೆ, ಸಮತಟ್ಟು ಬಂದಾಗ ಹಿಗ್ಗುತ್ತದೆ. ಆ ಕುಗ್ಗು ಹಿಗ್ಗುಗಳನ್ನು ಎಣಿಸುವುದೇ ಓದು.

ಇಂಥ ಒಂದು ಪದರದಲ್ಲಿ 4.7 ಗಿಗಾಬೈಟ್ ಹಿಡಿಯುತ್ತದೆ. ನಾಲ್ಕು ಕಂತುಗಳನ್ನು ಒಳ್ಳೆಯ ಗುಣಮಟ್ಟದಲ್ಲಿ ತುಂಬಲು ಅಷ್ಟು ಸಾಲದು. ಹಾಗಾಗಿ ಧಾರಾವಾಹಿಗಳ ಡಿಸ್ಕುಗಳು ಸಾಮಾನ್ಯವಾಗಿ ಎರಡು ಪದರದವು, 8.5 ಗಿಗಾಬೈಟಿನವು. ಮೊದಲ ಪದರದ ಲೋಹ ಅರೆಪಾರದರ್ಶಕ. ಲೇಸರಿನ ಮಸೂರ ಒಂದಿಷ್ಟು ಸರಿದು ಗಮನ ಬದಲಿಸಿದರೆ ಬೆಳಕು ಅದನ್ನು ದಾಟಿ, ಕೂದಲೆಳೆಗಿಂತ ತುಸು ಕಡಿಮೆ ದೂರದಲ್ಲಿರುವ ಎರಡನೆಯ ಪದರವನ್ನು ಮುಟ್ಟುತ್ತದೆ. ಇಲ್ಲೇ ಇರುವುದು ಜಾಣತನ. ಮೊದಲ ಪದರ ಮುಗಿಯುವಾಗ ಲೇಸರ್ ಹೊರ ಅಂಚಿನಲ್ಲಿರುತ್ತದೆ. ಅದನ್ನು ಮತ್ತೆ ನಡುವಿಗೆ ಓಡಿಸಿದರೆ ಚಿತ್ರ ಬಹಳ ಹೊತ್ತು ನಿಲ್ಲುತ್ತದೆ. ಅದಕ್ಕಾಗಿ ಸಿನಿಮಾ, ಧಾರಾವಾಹಿಗಳ ಡಿಸ್ಕುಗಳಲ್ಲಿ ಎರಡನೆಯ ಪದರವನ್ನು ತಿರುವುಮುರುವಾಗಿ, ಹೊರ ಅಂಚಿನಿಂದ ಒಳಕ್ಕೆ ಬರೆದಿರುತ್ತಾರೆ. ಲೇಸರ್ ಇದ್ದಲ್ಲೇ ಗಮನ ಬದಲಿಸಿ ಬಂದ ದಾರಿಯಲ್ಲೇ ಮರಳುತ್ತದೆ, ಹೊಲ ಉಳುವ ಎತ್ತು ಬದುವಿನ ಬಳಿ ತಿರುಗುವ ಹಾಗೆ.

ಈಗ ಲೆಕ್ಕ ಹೊಂದಿತು. ನಾಲ್ಕು ಕಂತುಗಳ ತುಂಬಿದ ಡಿಸ್ಕಿನಲ್ಲಿ ಒಂದು, ಎರಡು ಹೊರಕ್ಕೆ ಹೋಗುತ್ತವೆ. ಮೂರು, ನಾಲ್ಕು ಒಳಕ್ಕೆ ಬರುತ್ತವೆ. ಅಂಚಿನಲ್ಲಿ ಮನೆ ಮಾಡಿರುವುದು ಎರಡನೆಯದರ ಕೊನೆ ಮತ್ತು ಮೂರನೆಯದರ ಆರಂಭ. ಚಹಾ ಬಣ್ಣದ ಉಂಗುರ ತಿಂದದ್ದು ಸರಿಯಾಗಿ ಅಷ್ಟನ್ನೇ.

ಆ ಉಂಗುರಕ್ಕೆ ಸಂಗ್ರಾಹಕರು ಡಿಸ್ಕ್ ಕೊಳೆತ ಎನ್ನುತ್ತಾರೆ. ಕೊಳೆಯುವುದು ಪ್ಲಾಸ್ಟಿಕ್ ಅಲ್ಲ, ಲೋಹ. ಎರಡು ತಟ್ಟೆಗಳನ್ನು ಸೇರಿಸಿದ ಅಂಟು ಅಂಚಿನಲ್ಲಿ ಸರಿಯಾಗಿ ಕೂರದಿದ್ದರೆ ಗಾಳಿ, ತೇವ ಒಳಗೆ ನುಸುಳುತ್ತವೆ. ಹೊಳೆಯುತ್ತಿದ್ದ ಲೋಹ ಆಮ್ಲಜನಕದೊಡನೆ ಸೇರಿ ಮಂಕಾಗುತ್ತದೆ. ಕುಳಿಗಳು ಇದ್ದಲ್ಲೇ ಇರುತ್ತವೆ, ಆದರೆ ಬೆಳಕನ್ನು ಮರಳಿಸಲು ಕನ್ನಡಿಯೇ ಇರುವುದಿಲ್ಲ. ಇದು ಎಲ್ಲ ಡಿಸ್ಕುಗಳ ಹಣೆಬರಹವೇನಲ್ಲ. ಚೆನ್ನಾಗಿ ತಯಾರಾದ, ಒಣ ಜಾಗದಲ್ಲಿಟ್ಟ ಡಿಸ್ಕುಗಳು ದಶಕಗಳ ನಂತರವೂ ಸೊಗಸಾಗಿ ಓಡುತ್ತಿವೆ. ಕೇಡು ಬರುವುದು ತಂಡ ತಂಡವಾಗಿ, ಒಂದು ಕಾರ್ಖಾನೆಯ ಒಂದು ಅವಧಿಯ ಅಂಟು ಅಥವಾ ಲೋಹದ ದೋಷವಾಗಿ. 2006ರಿಂದ 2008ರ ನಡುವೆ ತಯಾರಾದ ತನ್ನ ಕೆಲವು ಡಿವಿಡಿಗಳು ಹೀಗೆ ಕೆಟ್ಟಿವೆ ಎಂದು ವಾರ್ನರ್ ಕಂಪನಿ 2025ರಲ್ಲಿ ಒಪ್ಪಿಕೊಂಡಿತು. ಸಾಧ್ಯವಾದಲ್ಲಿ ಬದಲಿ ಕೊಡುವುದಾಗಿಯೂ ಹೇಳಿತು. ಆ ಸುದ್ದಿಗೆ ಕಾರಣರಾದವರು ವಿಜ್ಞಾನಿಗಳಲ್ಲ. ತಮ್ಮ ಕಪಾಟುಗಳನ್ನು ಒಂದೊಂದಾಗಿ ಪರೀಕ್ಷಿಸಿ ಬರೆದಿಟ್ಟುಕೊಂಡ ಸಂಗ್ರಾಹಕರು.

ಕೊಳೆತಕ್ಕೆ ಹೋಲಿಸಿದರೆ ಗೀರು ಬಹಳ ಸಾಧು. ಗೀರು ಬಿದ್ದ ಡಿಸ್ಕು ಸುಲಲಿತವಾಗಿ ಓಡುವುದನ್ನು ಎಲ್ಲರೂ ನೋಡಿರುತ್ತೇವೆ. ಅದರ ಹಿಂದಿರುವುದು 1960ರಲ್ಲಿ ಅರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಎಂಬ ಇಬ್ಬರು ಗಣಿತಜ್ಞರು ಪ್ರಕಟಿಸಿದ ವಿಧಾನ. ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕವನ್ನು ನೆನೆಯಿರಿ. ಪ್ರತಿ ಅಡ್ಡಸಾಲಿನ ಕೊನೆಯಲ್ಲಿ ಒಂದು ಮೊತ್ತ, ಪ್ರತಿ ಕಂಬಸಾಲಿನ ಕೆಳಗೆ ಒಂದು ಮೊತ್ತ. ನಡುವಿನ ಒಂದು ಮನೆಯ ಮೇಲೆ ಎಣ್ಣೆ ಬಿದ್ದು ಅಂಕಿ ಅಳಿಸಿದರೂ ಮೊತ್ತದಿಂದ ಉಳಿದವನ್ನು ಕಳೆದು ಅದನ್ನು ಮರಳಿ ಬರೆಯಬಹುದು. ಡಿವಿಡಿಯೂ ಮಾಹಿತಿಯನ್ನು ಇಂಥ ಕೋಷ್ಟಕಗಳಲ್ಲೇ ಇಡುತ್ತದೆ: 192 ಅಡ್ಡಸಾಲು, ಒಂದೊಂದರಲ್ಲಿ 172 ಬೈಟ್. ಪ್ರತಿ ಅಡ್ಡಸಾಲಿಗೆ 10 ಕಾವಲು ಬೈಟ್, ಪ್ರತಿ ಕಂಬಸಾಲಿಗೆ 16. ಈ ಕಾವಲು ಬೈಟುಗಳು ಬರಿಯ ಕೂಡಿಕೆಗಿಂತ ಎಷ್ಟೋ ಚತುರವಾದ ಗಣಿತದಿಂದ ಹುಟ್ಟಿದವು; ಹಲವು ಮನೆಗಳು ಒಟ್ಟಿಗೆ ಅಳಿಸಿಹೋದರೂ ತುಂಬಿಕೊಡುತ್ತವೆ. ಕೋಷ್ಟಕದ ಎಂಟನೆಯ ಒಂದು ಭಾಗದಷ್ಟು ಜಾಗ ಈ ಕಾವಲಿಗೇ ಮೀಸಲು. ಅದರ ಫಲವಾಗಿ ಸುರುಳಿಯ ಉದ್ದಕ್ಕೆ ಸುಮಾರು 6 ಮಿಲಿಮೀಟರ್ ಒಟ್ಟಾಗಿ ಹೋದರೂ ಚಿತ್ರ ಕದಲುವುದಿಲ್ಲ.

ಡಿಸ್ಕನ್ನು ಒರೆಸುವ ಕ್ರಮ ಹುಟ್ಟಿದ್ದೂ ಇದರಿಂದಲೇ. ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಎಂದಿಗೂ ವೃತ್ತಾಕಾರದಲ್ಲಿ ಅಲ್ಲ. ಬಟ್ಟೆಯಲ್ಲಿದ್ದ ಒಂದು ಮರಳುಕಣ ನೇರ ಗೀರೆಳೆದರೆ ಅದು ಸಾವಿರಾರು ಸುತ್ತುಗಳನ್ನು ಅಡ್ಡ ಹಾಯುತ್ತದೆ, ಆದರೆ ಪ್ರತಿ ಸುತ್ತಿನಲ್ಲಿ ಕಳೆಯುವುದು ಒಂದು ಚೂರು. ಕಾವಲು ಬೈಟುಗಳಿಗೆ ಅದು ಲೆಕ್ಕಕ್ಕಿಲ್ಲ. ಅದೇ ಕಣ ವೃತ್ತಾಕಾರದಲ್ಲಿ ಗೀರಿದರೆ ಸುರುಳಿಯ ಜೊತೆಜೊತೆಗೇ ಸಾಗಿ ಅಕ್ಕಪಕ್ಕದ ಮಾಹಿತಿಯನ್ನೆಲ್ಲ ಒಮ್ಮೆಲೇ ಅಳಿಸುತ್ತದೆ. ಟೇಬಲ್ಲಿನ ಮೇಲೆ ಡಿಸ್ಕಿಟ್ಟು ಗುಂಡಗೆ ತಿಕ್ಕುವವರನ್ನು ಕಂಡರೆ ನನಗೆ ಈಗಲೂ ಕೈ ಹಿಡಿದು ತಡೆಯಬೇಕೆನ್ನಿಸುತ್ತದೆ.

ಮನೆಯ ಕಂಪ್ಯೂಟರಿನಲ್ಲಿ ಬರೆದುಕೊಂಡ ಡಿಸ್ಕುಗಳ ಸ್ಥಿತಿ ಬೇರೆ. ಅವುಗಳಲ್ಲಿ ಕುಳಿಗಳಿಲ್ಲ, ಲೇಸರ್ ಸುಟ್ಟು ಗುರುತು ಮಾಡಿದ ಬಣ್ಣದ ಪದರವಿದೆ. ಬಟ್ಟೆಯ ಬಣ್ಣ ಬಿಸಿಲಿಗೆ ಹಾರುವಂತೆ ಇದೂ ಹಾರುತ್ತದೆ. ಅದಕ್ಕಿಂತ ಹಿಂದಿನ ವಿಎಚ್ಎಸ್ ಕ್ಯಾಸೆಟ್‌ಗಳು ಇನ್ನೂ ಸೂಕ್ಷ್ಮ. ಅರ್ಧ ಇಂಚು ಅಗಲದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಾಂತೀಯ ಕಣಗಳನ್ನು ಹಿಡಿದಿಟ್ಟಿರುವುದು ಒಂದು ಅಂಟು, ಆ ಅಂಟಿಗೆ ತೇವವೇ ಶತ್ರು. ನಮ್ಮ ಮಲೆನಾಡು, ಕರಾವಳಿಯ ಮನೆಗಳಲ್ಲಿ ದೂರದರ್ಶನದಿಂದ ಮುದ್ರಿಸಿಕೊಂಡ ಎಷ್ಟೋ ಕ್ಯಾಸೆಟ್‌ಗಳ ಸುರುಳಿಯ ಮೇಲೆ ಅಕ್ಕಿಹಿಟ್ಟು ಉದುರಿಸಿದಂತೆ ಬೂಷ್ಟು ಕೂತಿರುತ್ತದೆ. ಕಿಟಕಿಯಂಥ ಪಾರದರ್ಶಕ ಜಾಗದಿಂದ ಅದು ಕಾಣುತ್ತದೆ. ಕಂಡರೆ ಆ ಕ್ಯಾಸೆಟ್ಟನ್ನು ಪ್ಲೇಯರಿಗೆ ಹಾಕಲೇಬಾರದು. ಪಟ್ಟಿ ಒಂದಕ್ಕೊಂದು ಅಂಟಿ ಹರಿಯಬಹುದು, ಬೂಷ್ಟು ಯಂತ್ರದೊಳಗೆ ಕುಳಿತು ಮುಂದೆ ಹಾಕುವ ಪ್ರತಿ ಕ್ಯಾಸೆಟ್ಟಿಗೂ ಅಂಟಬಹುದು. ಎಸೆಯಲೂಬಾರದು. ಕೆಲಸ ಬಲ್ಲವರು ಸ್ವಚ್ಛಗೊಳಿಸಿದರೆ ಒಳಗಿನ ಚಿತ್ರ ಬಹುಪಾಲು ಮರಳಿ ಸಿಗುತ್ತದೆ.

ಇಷ್ಟು ಕಷ್ಟಪಟ್ಟು ಪೂರ್ತಿ ಧಾರಾವಾಹಿಯನ್ನು ಮನೆಯಲ್ಲಿಡುವುದೇಕೆ ಎಂದು ಕೇಳುವವರಿಗೆ ನಾನು ಬಿಬಿಸಿಯ 'ಡಾಕ್ಟರ್ ಹೂ' ಕತೆ ಹೇಳುತ್ತೇನೆ. 1963ರ ನವೆಂಬರ್ 23ರಂದು ಶುರುವಾದ ಧಾರಾವಾಹಿ ಅದು. ಮೊದಲ ಆರು ವರ್ಷಗಳಲ್ಲಿ 253 ಕಂತು ಪ್ರಸಾರವಾದವು. ಆಗಿನ ಎರಡು ಇಂಚು ಅಗಲದ ವಿಡಿಯೋ ಟೇಪು ದುಬಾರಿ. ಮನೆಗೆ ಕೊಂಡೊಯ್ದು ನೋಡುವ ಮಾರುಕಟ್ಟೆಯೇ ಇರಲಿಲ್ಲ, ಮರುಪ್ರಸಾರಕ್ಕೂ ಕಟ್ಟುಪಾಡುಗಳಿದ್ದವು. ಹೀಗಾಗಿ ಟೇಪುಗಳನ್ನು ಅಳಿಸಿ ಬೇರೆ ಕಾರ್ಯಕ್ರಮಕ್ಕೆ ಬಳಸಿದರು. ಆದರೆ ಅಳಿಸುವ ಮುನ್ನ ಹೊರದೇಶಗಳಿಗೆ ಮಾರಲು ಟಿವಿ ಪರದೆಯಿಂದ ಕಪ್ಪುಬಿಳುಪು ಫಿಲ್ಮಿಗೆ ಪ್ರತಿ ತೆಗೆದಿದ್ದರು. ಇಂದು ಉಳಿದಿರುವುದು ಆ ಪ್ರತಿಗಳು, ಅವು ಅಲ್ಲಿಲ್ಲಿ ಬಿದ್ದಿದ್ದ ಮೂಲೆಗಳಿಂದ ದೊರೆತವು. ನೈಜೀರಿಯಾದ ಜೋಸ್ ನಗರದ ಒಂದು ಪ್ರಸಾರ ಕೇಂದ್ರದಲ್ಲಿ ಧೂಳು ಹಿಡಿದಿದ್ದ ಒಂಬತ್ತು ಕಂತುಗಳು ಸಿಕ್ಕ ಸುದ್ದಿ 2013ರಲ್ಲಿ ಹೊರಬಿತ್ತು. ಆಗಲೂ 97 ಕಂತುಗಳು ಕಾಣೆಯಾಗಿಯೇ ಉಳಿದವು. ಆದರೆ ಆ 97ರಲ್ಲಿ ಒಂದರ ಧ್ವನಿಯೂ ಕಳೆದಿಲ್ಲ! ಅಂದಿನ ಹುಡುಗರು ಮನೆಯ ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಪ್ರತಿ ವಾರವೂ ಮುದ್ರಿಸಿಕೊಂಡಿದ್ದರು. ಡಿಸ್ಕಿನೊಳಗೆ ಕಾವಲು ಬೈಟು ಮಾಡುವ ಕೆಲಸವನ್ನು ಇಲ್ಲಿ ಊರೂರಿನ ಮನೆಗಳು ಮಾಡಿದವು.

ಅಂಥ ಫಿಲ್ಮ್ ಪ್ರತಿಗಳಲ್ಲಿ ಇನ್ನೊಂದು ಅಚ್ಚರಿ ಅಡಗಿತ್ತು. ಆಮೇಲಿನ ಕೆಲವು ಕಾರ್ಯಕ್ರಮಗಳು ಬಣ್ಣದಲ್ಲಿ ತಯಾರಾಗಿ, ಕಪ್ಪುಬಿಳುಪು ಫಿಲ್ಮಿನಲ್ಲಿ ಮಾತ್ರ ಉಳಿದಿದ್ದವು. ಪರದೆಯಿಂದ ಪ್ರತಿ ತೆಗೆಯುವಾಗ ಬಣ್ಣದ ಸಂಕೇತವನ್ನು ಸೋಸಿರದಿದ್ದರೆ ಅದು ಚಿತ್ರದ ಮೇಲೆ ಅತಿ ಸಣ್ಣ ಚುಕ್ಕಿಗಳ ನೇಯ್ಗೆಯಾಗಿ ಮೂಡುತ್ತಿತ್ತು. ದಶಕಗಳ ಕಾಲ ಅದನ್ನು ಕೊಳೆಯೆಂದೇ ಭಾವಿಸಿದ್ದರು. ಫಿಲ್ಮನ್ನು ಹೆಚ್ಚಿನ ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಿ, ಆ ಚುಕ್ಕಿಗಳನ್ನು ತಂತ್ರಾಂಶದಿಂದ ಓದಿಸಿದಾಗ ಮೂಲ ಬಣ್ಣವೇ ಹೊರಬಂತು. ಊಹಿಸಿ ಹಚ್ಚಿದ ಬಣ್ಣವಲ್ಲ, ಸ್ಟುಡಿಯೋದಲ್ಲಿ ಅಂದು ಕ್ಯಾಮೆರಾ ಕಂಡ ಬಣ್ಣ. 'ಡ್ಯಾಡ್ಸ್ ಆರ್ಮಿ' ಎಂಬ ಹಾಸ್ಯ ಧಾರಾವಾಹಿಯ 1969ರ ಒಂದು ಕಂತು ಹೀಗೆ ಬಣ್ಣ ಪಡೆದು 2008ರಲ್ಲಿ ಮತ್ತೆ ಪ್ರಸಾರವಾಯಿತು. ಪ್ರತಿಯನ್ನು ಉಳಿಸಿಕೊಂಡವರಿಗೆ ಅದರಲ್ಲಿ ಏನೆಲ್ಲ ಇದೆ ಎಂದು ಗೊತ್ತಿರಲಿಲ್ಲ.

ಪೂರ್ತಿ ಎಂಬ ಮಾತೂ ಅಷ್ಟು ಸರಳವಲ್ಲ. ಆಗುಂಬೆಯಲ್ಲಿ ಚಿತ್ರೀಕರಣಗೊಂಡ 'ಮಾಲ್ಗುಡಿ ಡೇಸ್' ಅನ್ನೇ ತೆಗೆದುಕೊಳ್ಳಿ. ಶಂಕರ್ ನಾಗ್ ನಿರ್ದೇಶಿಸಿದ್ದು 39 ಕಂತು. ಅವುಗಳಲ್ಲಿ ಮೊದಲ 13 ಹಿಂದಿಯ ಜೊತೆಗೆ ಇಂಗ್ಲಿಷಿನಲ್ಲೂ ತಯಾರಾದವು. ಅವರು ತೀರಿಕೊಂಡ ಎಷ್ಟೋ ವರ್ಷಗಳ ನಂತರ ಕವಿತಾ ಲಂಕೇಶ್ ಮತ್ತೆ 15 ಕಂತು ಮಾಡಿದರು. ಪೂರ್ತಿ ಎಂದರೆ 39 ಎನ್ನಬೇಕೋ, 54 ಎನ್ನಬೇಕೋ, ಇಂಗ್ಲಿಷಿನ ಹದಿಮೂರನ್ನೂ ಬೇರೆಯಾಗಿ ಎಣಿಸಬೇಕೋ? ನನ್ನ ಮಟ್ಟಿಗೆ ಎಲ್ಲವನ್ನೂ ಎಣಿಸಬೇಕು. ಸ್ವಾಮಿಯ ತಂದೆಯ ಪಾತ್ರದ ಗಿರೀಶ ಕಾರ್ನಾಡರು ಒಂದೇ ಮಾತನ್ನು ಎರಡು ಭಾಷೆಗಳಲ್ಲಿ ಹೇಳುವಾಗಿನ ನಟನೆ ಒಂದೇ ಆಗಿರಲು ಸಾಧ್ಯವಿಲ್ಲ.

ನನ್ನ ಒಂಬತ್ತನೆಯ ಡಿಸ್ಕಿನ ವಿಷಯಕ್ಕೆ ಬರುತ್ತೇನೆ. ಮಂಕಾದ ಲೋಹಕ್ಕೆ ಮತ್ತೆ ಹೊಳಪು ತರುವ ಉಪಾಯವಿಲ್ಲ. ಆರು ತಿಂಗಳು ಹುಡುಕಿ ಅದೇ ಧಾರಾವಾಹಿಯ ಇನ್ನೊಂದು ಪೆಟ್ಟಿಗೆಯನ್ನು ಹಳೆಯ ಸಾಮಾನಿನವರಿಂದ ಕೊಂಡೆ. ಅದು ಬೇರೆ ವರ್ಷ ಬೇರೆ ಕಾರ್ಖಾನೆಯಲ್ಲಿ ಅಚ್ಚಾದದ್ದು. ಅದರ ಹೊದಿಕೆ ಹರಿದಿದೆ, ಇಪ್ಪತ್ತೊಂದನೆಯ ಡಿಸ್ಕು ಸೀಳು ಬಿಟ್ಟಿದೆ. ಒಂಬತ್ತು ಮತ್ತು ಹನ್ನೊಂದರ ಅಂಚು ಮಾತ್ರ ಕನ್ನಡಿಯಂತಿದೆ. ಎರಡೂ ಪೆಟ್ಟಿಗೆ ಸೇರಿದರೆ ನನ್ನ ಬಳಿ ಮೂವತ್ತು ಡಿಸ್ಕು ಪೂರ್ತಿ.

ಆ ರಾತ್ರಿ ಒಂಬತ್ತನೆಯದನ್ನು ಹಾಕಿದೆ. ಎರಡನೆಯ ಕಂತಿನ ಕೊನೆಯಲ್ಲಿ ಆಕೆಯ ಮುಖ ಬಂತು, ಒಡೆಯಲಿಲ್ಲ, ಅರ್ಧಕ್ಕೆ ನಿಂತಿದ್ದ ಮಾತು ಮುಗಿಯಿತು, ಹೆಸರುಪಟ್ಟಿ ಮೇಲೇರಿತು. ಆಮೇಲೆ ಕಣ್ಣೆವೆ ಮಿಟುಕಿಸುವಷ್ಟು ಹೊತ್ತು ಪರದೆ ಸ್ತಬ್ಧವಾಯಿತು. ಲೇಸರ್ ಬದುವಿನ ಬಳಿ ತಿರುಗಿ ಎರಡನೆಯ ಪದರವನ್ನು ಹುಡುಕುತ್ತಿತ್ತು. ಮರುಕ್ಷಣ ಮೂರನೆಯ ಕಂತು ಶುರುವಾಯಿತು.