ಲೀವರ್ ರೈಫಲ್ಲಿನ ತೋಟಾ ಮನೆಯಲ್ಲೇ ತುಂಬುವುದು ಯಾಕೆ?

ಮಾರ್ಲಿನ್ 336 ಅನ್ನುವ ಲೀವರ್ ರೈಫಲ್ಲು, ಅದಕ್ಕೆ .35 ರೆಮಿಂಗ್ಟನ್ ತೋಟಾ. ಅಮೆರಿಕದ ಪೆನ್ಸಿಲ್ವೇನಿಯಾ, ಮೇನ್, ಮಿಷಿಗನ್ ಕಡೆ ಜಿಂಕೆ ಬೇಟೆಗೆ ಹೋಗುವ ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದಿಂದ ಇರುವ ಜೋಡಿ ಇದು. ರೈಫಲ್ಲಿಗೆ ಏನೂ ಆಗಿರುವುದಿಲ್ಲ. ಮರದ ಹಿಡಿ ಸವೆದು ನುಣುಪಾಗಿದೆ ಅಷ್ಟೆ. ತೊಂದರೆ ಇರುವುದು ತೋಟಾದ್ದು. ಹಂಗಾಮು ಹತ್ತಿರ ಬಂದಾಗ ಅಂಗಡಿಗೆ ಹೋದರೆ ಒಂದು ವರ್ಷ ಇರುತ್ತದೆ, ಇನ್ನೊಂದು ವರ್ಷ ಇರುವುದಿಲ್ಲ. ಹಾಗಾಗಿ ಇಂಥ ರೈಫಲ್ ಇಟ್ಟುಕೊಂಡವರು ಬೇಗನೋ ತಡವಾಗಿಯೋ ಖಾಲಿ ಹಿತ್ತಾಳೆ ಕೇಸಿಗೆ ಹೊಸ ಕೇಪು, ಮದ್ದು, ಗುಂಡು ಹಾಕಿ ತೋಟಾವನ್ನು ತಾವೇ ತುಂಬಲು ಕಲಿಯುತ್ತಾರೆ. ಮಧ್ಯಮ ಬೋರಿನ (ನಳಿಗೆಯ ಒಳ ಅಗಲ ಮಧ್ಯಮವಾಗಿರುವ) ಲೀವರ್ ರೈಫಲ್ ಆರಿಸುವುದು ಅಂದರೆ ಅದರ ತೋಟಾ ತುಂಬುವ ಕೆಲಸವನ್ನೂ ಜೊತೆಗೇ ಒಪ್ಪಿಕೊಂಡ ಹಾಗೆ. ಈ ಪರಿಸ್ಥಿತಿ ನೂರೈವತ್ತು ವರ್ಷಗಳಲ್ಲಿ ಹಂತಹಂತವಾಗಿ ಬಂದದ್ದು.

ಶುರು 1860ರ ಹೆನ್ರಿ ರೈಫಲ್ಲಿನಿಂದ. ನಳಿಗೆಯ ಕೆಳಗೆ ಉದ್ದಕ್ಕೂ ಒಂದು ಕೊಳವೆ, ಅದರೊಳಗೆ ಒಂದರ ಹಿಂದೆ ಒಂದು ತೋಟಾ. ಹಿಡಿಯ ಕೆಳಗಿನ ಸನ್ನೆಯನ್ನು, ಅಂದರೆ ಲೀವರನ್ನು, ಇಳಿಸಿ ಎತ್ತಿದರೆ ಖಾಲಿ ತೋಟಾ ಹಾರಿ ಹೊಸದು ಒಳಗೆ. ಆಲಿವರ್ ವಿಂಚೆಸ್ಟರನ ಕಂಪನಿ 1866ರಲ್ಲಿ, ಮತ್ತೆ 1873ರಲ್ಲಿ ಇದನ್ನೇ ತಿದ್ದಿ ತೀಡಿತು. ಜಾನ್ ಬ್ರೌನಿಂಗ್ ರೂಪಿಸಿದ 1886 ಮತ್ತು 1894ರ ಮಾದರಿಗಳು ಬಂದ ಮೇಲಂತೂ ಅಮೆರಿಕದ ಬೇಟೆಗಾರ ಅಂದರೆ ಲೀವರ್ ರೈಫಲ್ ಅನ್ನುವಂತಾಯಿತು. 94ರ ಮಾದರಿಯೊಂದೇ ಎಪ್ಪತ್ತು ಲಕ್ಷಕ್ಕೂ ಜಾಸ್ತಿ ತಯಾರಾಗಿದೆ.

ಆದರೆ ಆ ಕೊಳವೆಯೇ ಒಂದು ನಿಯಮ ಹಾಕಿತು. ಒಳಗೆ ಪ್ರತಿ ಗುಂಡಿನ ಮೂಗು ಮುಂದಿನ ತೋಟಾದ ಪ್ರೈಮರಿಗೆ, ಅಂದರೆ ನಮ್ಮವರು ಕೇಪು ಅನ್ನುವ ಭಾಗಕ್ಕೆ ತಾಗಿಕೊಂಡಿರುತ್ತದೆ. ಮೂಗು ಚೂಪಾಗಿದ್ದರೆ ರೈಫಲ್ ಒದೆಯುವ ಹೊತ್ತಿಗೆ ಅದು ಕೇಪನ್ನು ಕುಟ್ಟಿ ಕೊಳವೆಯೊಳಗೇ ತೋಟಾ ಸಿಡಿಯಬಹುದು. ಅದಕ್ಕೇ ಇಲ್ಲಿ ಗುಂಡಿನ ಮೂಗು ಚಪ್ಪಟೆ, ಇಲ್ಲವೇ ಬಾಗಿದ ಗುಂಡಗಿನದು. 1898ರಲ್ಲಿ ಫ್ರಾನ್ಸ್, 1905ರಲ್ಲಿ ಜರ್ಮನಿ, 1906ರಲ್ಲಿ ಅಮೆರಿಕದ ಸೇನೆಗಳು ಚೂಪು ಮೂಗಿನ ಗುಂಡಿಗೆ ಹೋದವು. ಚೂಪಾದದ್ದು ಗಾಳಿಯನ್ನು ಸುಲಭವಾಗಿ ಸೀಳುತ್ತದೆ, ದೂರಕ್ಕೂ ವೇಗ ಉಳಿಸಿಕೊಳ್ಳುತ್ತದೆ. ಕೊಳವೆ ಇರುವ ಲೀವರ್ ರೈಫಲ್ ಆ ಓಟದಲ್ಲಿ ಸೇರಲೇ ಇಲ್ಲ.

ಕೊಳವೆ ಬಿಟ್ಟು ಹೊರಟ ಲೀವರ್ ರೈಫಲ್‌ಗಳೂ ಇದ್ದವು. ವಿಂಚೆಸ್ಟರ್ 1895 ಮಾದರಿಯಲ್ಲಿ ಮ್ಯಾಗಜಿನ್, ಅಂದರೆ ತೋಟಾ ತುಂಬಿಡುವ ಜಾಗ, ಪೆಟ್ಟಿಗೆಯ ಹಾಗೆ ಕೆಳಗಿತ್ತು. ಥಿಯೋಡರ್ ರೂಸ್ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಹೊತ್ತುಕೊಂಡು ಹೋದದ್ದು ಇದನ್ನೇ, .405 ವಿಂಚೆಸ್ಟರ್ ತೋಟಾದೊಂದಿಗೆ. ಜಮೈಕಾದಲ್ಲಿ ಹುಟ್ಟಿದ ಆರ್ಥರ್ ಸ್ಯಾವೇಜ್ 1899ರಲ್ಲಿ ತೋಟಾಗಳನ್ನು ರಾಟೆಯ ಸುತ್ತ ಕೂರಿಸುವ ಮ್ಯಾಗಜಿನ್ ಮಾಡಿದ. ಕೇಪು ಸಿಡಿಸಲು ಬಡಿಯುವ ಕುದುರೆ ಹೊರಗಿನಿಂದ ಕಾಣುವುದಿಲ್ಲ, ಚೂಪು ಗುಂಡಿಗೂ ಅಡ್ಡಿ ಇಲ್ಲ. ನನ್ನ ಮಟ್ಟಿಗೆ ಲೀವರ್ ರೈಫಲ್‌ಗಳಲ್ಲಿ ಅಷ್ಟು ಅಚ್ಚುಕಟ್ಟಾದ ಯಂತ್ರ ಇನ್ನೊಂದಿಲ್ಲ.

ಈಗ ಮಧ್ಯಮ ಬೋರಿಗೆ ಬರೋಣ. ಸಾಮಾನ್ಯವಾಗಿ .33ರಿಂದ .375 ಇಂಚಿನವರೆಗಿನ ನಳಿಗೆಗೆ ಹೀಗೆ ಹೇಳುತ್ತಾರೆ. ಜಿಂಕೆಗೆ ಸಾಕಷ್ಟು ಮೃದು, ಕರಿ ಕರಡಿ, ಎಲ್ಕ್, ಮೂಸ್‌ನಂಥ ಪ್ರಾಣಿಗೂ ತೂಕ ಸಾಲುತ್ತದೆ ಅನ್ನುವುದು ಇದರ ಆಕರ್ಷಣೆ. .35 ರೆಮಿಂಗ್ಟನ್ 1906ರಲ್ಲಿ ಬಂತು. ಅದು ಹುಟ್ಟಿದ್ದು ಲೀವರ್ ರೈಫಲ್ಲಿಗಲ್ಲ, ಬ್ರೌನಿಂಗನದೇ ವಿನ್ಯಾಸದ ರೆಮಿಂಗ್ಟನ್ ಮಾಡೆಲ್ 8 ಅನ್ನುವ ಅರೆ ಸ್ವಯಂಚಾಲಿತ ರೈಫಲ್ಲಿಗೆ. ಆಮೇಲೆ ಮಾರ್ಲಿನ್ ಅದನ್ನು ತನ್ನದು ಮಾಡಿಕೊಂಡಿತು. 200 ಗ್ರೇನ್ ಗುಂಡು, ಅಂದರೆ ಸುಮಾರು 13 ಗ್ರಾಂ, ಸೆಕೆಂಡಿಗೆ 2080 ಅಡಿ ವೇಗ. ಕಾಗದದ ಮೇಲೆ ಸಪ್ಪೆ ಅನಿಸುತ್ತದೆ. ಆದರೆ ಪೂರ್ವದ ದಟ್ಟ ಕಾಡಿನಲ್ಲಿ ನೂರು ಗಜದಾಚೆಗೆ ಪ್ರಾಣಿಯೇ ಕಾಣುವುದಿಲ್ಲ. ಅಲ್ಲಿ ಅಷ್ಟು ಸಾಕಲ್ವಾ?

ಈ ತೋಟಾಕ್ಕೆ ನಿಗದಿಯಾದ ಗರಿಷ್ಠ ಒತ್ತಡ ಚದರ ಇಂಚಿಗೆ 33,500 ಪೌಂಡ್. ಲೀವರ್ ರೈಫಲ್ಲಿನದೇ ಇನ್ನೊಂದು ತೋಟಾ .30-30ಕ್ಕೆ 42,000, ಬೋಲ್ಟನ್ನು ಕೈಯಿಂದ ಎಳೆದು ತಳ್ಳುವ ಬೋಲ್ಟ್ ರೈಫಲ್ಲಿನ .308ಕ್ಕೆ 62,000. ಮಾರ್ಲಿನ್ 336, ವಿಂಚೆಸ್ಟರ್ 94ರಂಥ ರೈಫಲ್‌ಗಳಲ್ಲಿ ತೋಟಾದ ಹಿಂಬದಿಯನ್ನು ಮುಚ್ಚುವ ಬೋಲ್ಟಿಗೆ ಬೀಗ ಬೀಳುವುದು ಹಿಂಭಾಗದಲ್ಲಿ. ಗುಂಡು ಹಾರುವಾಗ ಬೋಲ್ಟು ಕೂದಲೆಳೆಯಷ್ಟು ಬಾಗಿ ಹಿಂದೆ ಸರಿಯುತ್ತದೆ, ಜೊತೆಗೆ ಹಿತ್ತಾಳೆಯ ಕೇಸೂ ಹಿಗ್ಗುತ್ತದೆ. ಮನೆಯಲ್ಲಿ ತುಂಬುವವರು ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಇದನ್ನು.

1936ರಲ್ಲಿ ವಿಂಚೆಸ್ಟರ್ ತನ್ನ ಮಾಡೆಲ್ 71ರ ಜೊತೆ .348 ತಂದಿತು. ಹಳೆಯ .50-110ರ ದಪ್ಪ ಕೇಸಿನ ಕುತ್ತಿಗೆ ಕಿರಿದು ಮಾಡಿ ಮಾಡಿದ ತೋಟಾ. ಕರಡಿ ಇರುವ ಅಲಾಸ್ಕಾದ ಕಡೆ ಅದಕ್ಕೆ ಒಳ್ಳೆಯ ಹೆಸರು ಬಂತು. ಆದರೆ ಮಾಡೆಲ್ 71 ತಯಾರಾದದ್ದು ಸುಮಾರು 47 ಸಾವಿರ ಮಾತ್ರ, 1950ರ ದಶಕದ ಕೊನೆಗೆ ನಿಂತೂ ಹೋಯಿತು. ಆ ಅಳತೆಯ ಗುಂಡು ಬೇರೆ ಯಾವ ಹೆಸರಾಂತ ರೈಫಲ್ಲಿಗೂ ಆಗುವುದಿಲ್ಲ. ಹಾಗಾಗಿ ಗುಂಡಿನ ಆಯ್ಕೆ ಬೆರಳೆಣಿಕೆಯದು.

.358 ವಿಂಚೆಸ್ಟರ್ ಬಂದದ್ದು 1955ರಲ್ಲಿ. .308ರ ಕುತ್ತಿಗೆಯನ್ನು ಅಗಲ ಮಾಡಿದರೆ ಇದು. ಅದೇ ವರ್ಷ ಬಂದ ಪೆಟ್ಟಿಗೆ ಮ್ಯಾಗಜಿನ್ನಿನ ವಿಂಚೆಸ್ಟರ್ 88, ಆಮೇಲೆ ಸ್ಯಾವೇಜ್ 99, ಬ್ರೌನಿಂಗ್ ಬಿಎಲ್ಆರ್‌ಗಳು ಇದನ್ನು ತೆಗೆದುಕೊಂಡವು. ಚೂಪು ಗುಂಡು ಹಾಕಬಹುದು, ಒತ್ತಡವೂ ಜಾಸ್ತಿ ತಡೆಯುತ್ತದೆ. ಎಲ್ಲಾ ಸರಿ ಇದ್ದರೂ ಇದು ಜನಪ್ರಿಯ ಆಗಲಿಲ್ಲ. ಅಷ್ಟು ಹೊತ್ತಿಗೆ ದುರ್ಬೀನು ಕಟ್ಟಿದ ಬೋಲ್ಟ್ ರೈಫಲ್ಲು, ವೇಗದ ಸಣ್ಣ ಗುಂಡು ಜನರ ಮನಸ್ಸು ಗೆದ್ದಾಗಿತ್ತು. 1978ರ .375 ವಿಂಚೆಸ್ಟರ್, 1980ರ ದಶಕದ .356 ವಿಂಚೆಸ್ಟರ್, 2009ರ .338 ಮಾರ್ಲಿನ್ ಎಕ್ಸ್‌ಪ್ರೆಸ್ ಎಲ್ಲದರದ್ದೂ ಒಂದೇ ಕತೆ. ಕಂಪನಿ ಉತ್ಸಾಹದಿಂದ ತರುತ್ತದೆ, ಕೆಲವು ವರ್ಷ ನೋಡುತ್ತದೆ, ಕೈಬಿಡುತ್ತದೆ. ರೈಫಲ್ ಕೊಂಡವನ ಕೈಯಲ್ಲಿ ರೈಫಲ್ ಉಳಿಯುತ್ತದೆ.

ಆ ಉಳಿದ ರೈಫಲ್ಲುಗಳಿಗೆ ಜೀವ ಕೊಟ್ಟದ್ದು ಮನೆಯ ಮೇಜು. ಮದ್ದು, ಗುಂಡು ತುಂಬುವ ಸಾಮಾನು ಅಮೆರಿಕದಲ್ಲಿ ಹಳೆಯದು. ಜಾನ್ ಬಾರ್ಲೋನ ಐಡಿಯಲ್ ಕಂಪನಿ 1884ರಲ್ಲೇ ಇಕ್ಕಳದ ಹಾಗಿರುವ ಉಪಕರಣ ಮಾರುತ್ತಿತ್ತು. 1925ರಲ್ಲಿ ಅದನ್ನು ಲೈಮನ್ ಕೊಂಡಿತು. 1943ರಲ್ಲಿ ಕ್ಯಾಲಿಫೋರ್ನಿಯಾದ ಓರೋವಿಲ್ಲಿನಲ್ಲಿ ಫ್ರೆಡ್ ಹಂಟಿಂಗ್ಟನ್ ತೋಟಾ ತುಂಬುವ ಉಪಕರಣದ ಆರ್‌ಸಿಬಿಎಸ್ ಕಂಪನಿ ಶುರು ಮಾಡಿದರು. 1949ರಲ್ಲಿ ನೆಬ್ರಾಸ್ಕಾದಲ್ಲಿ ಹಾರ್ನಡಿ ಗುಂಡು ಮಾಡತೊಡಗಿತು. 1958ರಲ್ಲಿ ರಿಚರ್ಡ್ ಲೀ ತಂದ ಸಣ್ಣ ಲೀ ಲೋಡರಿನಿಂದ ಸುತ್ತಿಗೆ ಇದ್ದ ಯಾರು ಬೇಕಾದರೂ ಅಡುಗೆಮನೆಯ ಮೇಜಿನ ಮೇಲೆ ತೋಟಾ ತುಂಬುವಂತಾಯಿತು.

ನಮ್ಮ ಮಲೆನಾಡು, ಕೊಡಗಿನಲ್ಲಿ ಕೇಪಿನ ಕೋವಿಗೆ ಮದ್ದು ಅಳೆದು ಹಾಕಿದ ಹಿರಿಯರಿಗೆ ಇದರ ಮೂಲ ತತ್ವ ಹೇಳಿಕೊಡಬೇಕಾಗಿಲ್ಲ. ಆದರೆ ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆ ನಿಂತಿದೆ. ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಇಲ್ಲಿ ಹೇಳುತ್ತಿರುವುದೆಲ್ಲ ಅಮೆರಿಕದ ಮಾತು. ಅಲ್ಲಿ ಬೇಟೆಯ ಲೈಸೆನ್ಸ್ ಮಾಡಿಸಿಕೊಂಡ ಕನ್ನಡಿಗರಿಗೂ ಉಪಯೋಗಕ್ಕೆ ಬಂದೀತು.

ಲೀವರ್ ರೈಫಲ್ಲಿಗೆ ತುಂಬುವ ಕ್ರಮ ಬೋಲ್ಟ್ ರೈಫಲ್ಲಿನದಕ್ಕಿಂತ ಬೇರೆ. ಮೊದಲನೆಯದು, ಕೇಸನ್ನು ಪೂರ್ತಿ ಉದ್ದಕ್ಕೂ ಡೈ ಅನ್ನುವ ಅಚ್ಚಿನಲ್ಲಿ ಒತ್ತಿ ಮೂಲ ಅಳತೆಗೆ ತರಬೇಕು. ಬರೀ ಕುತ್ತಿಗೆ ಒತ್ತಿದರೆ ಸಾಲದು. ಬಿಗಿಯಾದ ತೋಟಾವನ್ನು ಒಳಗೆ ತಳ್ಳುವ ಬಲ ಲೀವರಿಗೆ ಇಲ್ಲ. ಹಾಗಂತ ಡೈ ಜಾಸ್ತಿ ಇಳಿಸಿದರೂ ತೊಂದರೆ. .35 ರೆಮಿಂಗ್ಟನ್ನಿಗೆ ಬುಡದಲ್ಲಿ ಹೊರಚಾಚಿದ ಅಂಚು ಇಲ್ಲ, ಭುಜ, ಅಂದರೆ ಕೇಸು ಕುತ್ತಿಗೆಗೆ ಕಿರಿದಾಗುವ ಇಳಿಜಾರು, ತೀರಾ ಚಿಕ್ಕದು. ತೋಟಾ ಒಳಗೆ ನಿಲ್ಲುವುದು ಆ ಚಿಕ್ಕ ಭುಜದ ಆಧಾರದ ಮೇಲೆ. ಅದನ್ನು ಹಿಂದೆ ತಳ್ಳಿಬಿಟ್ಟರೆ ಪ್ರತಿ ಸಲ ಹಾರಿಸಿದಾಗಲೂ ಕೇಸು ಎಳೆಯಲ್ಪಟ್ಟು ಬುಡದ ಹತ್ತಿರ ತೆಳ್ಳಗಾಗುತ್ತದೆ. ಅನುಭವಸ್ಥರು ಒಂದು ತಂತಿಯ ತುದಿ ಬಾಗಿಸಿ ಕೇಸಿನ ಒಳಗೋಡೆಯ ಮೇಲೆ ಮೆಲ್ಲಗೆ ಎಳೆದು ನೋಡುತ್ತಾರೆ. ಬುಡದ ಹತ್ತಿರ ತಂತಿ ಸಣ್ಣ ಹಳ್ಳಕ್ಕೆ ಬಿದ್ದ ಹಾಗೆ ತಡೆದರೆ ಆ ಕೇಸು ಕಸದ ಬುಟ್ಟಿಗೆ. ಹೊರಗೆ ಅದೇ ಜಾಗದಲ್ಲಿ ಹೊಳೆಯುವ ಉಂಗುರ ಕಂಡರೂ ಅಷ್ಟೆ.

ಆಮೇಲೆ ಕ್ರಿಂಪ್. ಕೊಳವೆಯ ಸ್ಪ್ರಿಂಗು ಮುಂದಿನಿಂದ ಹಿಂದಕ್ಕೆ ಒತ್ತುತ್ತಿರುತ್ತದೆ, ಒದೆತ ಬೇರೆ. ಗುಂಡು ಸಡಿಲವಾಗಿದ್ದರೆ ಕೇಸಿನೊಳಗೆ ಜಾರಿ ಹೋಗುತ್ತದೆ, ಒಳಗೆ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ. ಅದಕ್ಕೆ ಗುಂಡಿನ ಸುತ್ತ ಇರುವ ಗೀರಿನೊಳಗೆ ಕೇಸಿನ ಬಾಯಿ ಮಡಚಿ ಕೂರಿಸುತ್ತಾರೆ. ಬಾಯಿ ಎಲ್ಲದರಲ್ಲೂ ಒಂದೇ ಮಟ್ಟಕ್ಕೆ ಬರಬೇಕಾದರೆ ಕೇಸುಗಳನ್ನು ಮೊದಲೇ ಒಂದೇ ಉದ್ದಕ್ಕೆ ಕತ್ತರಿಸಿರಬೇಕು. ಜೋರಾಗಿ ಮಡಚಲು ಹೋದರೆ .35ರ ಚಿಕ್ಕ ಭುಜ ಉಬ್ಬಿ ತೋಟಾ ಒಳಗೇ ಹೋಗುವುದಿಲ್ಲ. ಮದ್ದಿನ ಅಳತೆ ಮಾತ್ರ ಕಂಪನಿಗಳು ಪರೀಕ್ಷಿಸಿ ಮುದ್ರಿಸಿದ ಕೈಪಿಡಿಯದ್ದೇ ಆಗಬೇಕು, ಕೆಳಗಿನ ಅಳತೆಯಿಂದ ಶುರು ಮಾಡಬೇಕು. ಯಾರೋ ಹೇಳಿದ ಅಳತೆಗೆ ಇಲ್ಲಿ ಜಾಗವೇ ಇಲ್ಲ.

2006ರ ಸುಮಾರಿಗೆ ಹಾರ್ನಡಿ ಮೂಗಿನ ಹಳೆಯ ಕಗ್ಗಂಟನ್ನು ಬಿಡಿಸಿತು. ಚೂಪು ತುದಿಗೆ ಒತ್ತಿದರೆ ಬಗ್ಗುವ ಮೆತ್ತನೆಯ ಪ್ಲಾಸ್ಟಿಕ್ ಕೂರಿಸಿತು. ಕೇಪಿಗೆ ತಾಗಿದರೂ ಅಪಾಯವಿಲ್ಲ. ನೂರೈವತ್ತು ಗಜ ದಾಟಿದ ಮೇಲೆ ಅದರ ಲಾಭ ಚೆನ್ನಾಗಿ ಕಾಣುತ್ತದೆ. ಆದರೆ ಚೂಪಾದ ಗುಂಡು ಉದ್ದ ಜಾಸ್ತಿ, ರೈಫಲ್ಲಿನ ಒಳಗೆ ತೋಟಾಕ್ಕೆ ಇರುವ ಜಾಗ ಮೊದಲಿನಷ್ಟೇ. .45-70 ಅನ್ನುವ ಹಳೆಯ ದಪ್ಪ ತೋಟಾದಲ್ಲಿ ಈ ಗುಂಡು ಹಾಕಲು ಕೇಸನ್ನೇ ಗಿಡ್ಡ ಮಾಡಬೇಕು. ಹಾಗೆ ಕತ್ತರಿಸಿದ ಕೇಸಿಗೆ ಹಳೆಯ ಚಪ್ಪಟೆ ಗುಂಡಿನ ಗೀರು ಹೊಂದುವುದಿಲ್ಲ. ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿಡಬೇಕು.

ಅಷ್ಟರಲ್ಲಿ ಮಾರ್ಲಿನ್ ಕಂಪನಿ ರೆಮಿಂಗ್ಟನ್ ಕೈಗೆ ಹೋಗಿ, ರೆಮಿಂಗ್ಟನ್ ದಿವಾಳಿಯಾಗಿ, 2020ರಲ್ಲಿ ರೂಗರ್ ಮಾರ್ಲಿನ್ನನ್ನು ಕೊಂಡಿತು. ಅದೇ ಹೊತ್ತಿಗೆ ಕೋವಿಡ್ಡಿನ ಗದ್ದಲದಲ್ಲಿ ಪ್ರೈಮರೇ ಸಿಗದಾಯಿತು. ಮನೆಯಲ್ಲಿ ತುಂಬುವವರಿಗೂ ಕೈ ಕಟ್ಟಿದ ಹಾಗಾಯಿತು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡು ಹಾಕುವಂತಿಲ್ಲ. ತಾಮ್ರದ ಗುಂಡು ಅದೇ ತೂಕಕ್ಕೆ ಉದ್ದವಾಗುತ್ತದೆ, ಅರಳುವುದಕ್ಕೆ ವೇಗವೂ ಬೇಕು. ನಿಧಾನದ .35ಕ್ಕೆ ಅಂಥದ್ದು ಹುಡುಕುವುದು ಕಷ್ಟ.

ಇವತ್ತು ಈ ವರ್ಗದಲ್ಲಿ ಒಂದು ರೈಫಲ್ ಕೊಳ್ಳುವವರಿಗೆ ನಾನು ಹೇಳುವುದು .358ರ ಬಿಎಲ್ಆರ್ ಅಥವಾ ಸ್ಯಾವೇಜ್ 99. ಕಾರಣ ಅದರ ಶಕ್ತಿ ಅಲ್ಲ, ಕೇಸು. ಎಲ್ಲೆಡೆ ಸಿಗುವ .308 ಕೇಸಿನ ಬಾಯಿ ಅಗಲ ಮಾಡಿದರೆ .358ರ ಕೇಸು ತಯಾರು. .35 ರೆಮಿಂಗ್ಟನ್ನಿಗೆ, .348ಕ್ಕೆ ಅಂಥ ಸುಲಭದ ದಾರಿ ಇಲ್ಲ. ಅಜ್ಜನ 336 ಮನೆಯಲ್ಲಿದ್ದರೆ ಅದನ್ನು ಖಂಡಿತ ಮಾರಬೇಡಿ. ಕಾಡಿನಲ್ಲಿ ಅದರ ತೂಕ, ಅದರ ಸಮತೋಲ ಬೇರೆ ರೈಫಲ್ಲಿಗೆ ಬರುವುದಿಲ್ಲ. ಆದರೆ .35ರ ಹೊಸ ಕೇಸು ಕಣ್ಣಿಗೆ ಬಿದ್ದ ದಿನವೇ ಒಂದೆರಡು ಪೊಟ್ಟಣ ತೆಗೆದಿಡಿ. ಹಾರಿಸಿದ ಖಾಲಿ ಕೇಸನ್ನು ಎಲೆಗಳ ಮಧ್ಯೆ ಹುಡುಕಿ ಜೇಬಿಗೆ ಹಾಕಿಕೊಂಡೇ ಪ್ರಾಣಿಯ ಕಡೆ ನಡೆಯಿರಿ.